ಹೊಸ ಇಂಜಿನ್ನೂ ಅಪ್ಪನ ಐವತ್ತೂ

ಹೊಸ ಕಾರು ತಗೊಂಡರೆ ಸ್ವೀಟ್ ಬಾಕ್ಸ್ ಖಾಲಿಯಾಗೋ ಮೊದಲೇ ಸಲಹೆಗಳು ಶುರು. ಮೊದಲ ಸಾವಿರ ಕಿಲೋಮೀಟರ್ ಹೇಗೆ ಓಡಿಸಬೇಕು ಅನ್ನೋದಕ್ಕಂತೂ ಎಲ್ಲರ ಹತ್ತಿರವೂ ಒಂದೊಂದು ಸಿದ್ಧಾಂತ ಇರುತ್ತೆ. ಆಫೀಸಿನ ಗೆಳೆಯ, 'ಈಗಿನ ಇಂಜಿನ್‌ಗೆ ಅದೆಲ್ಲ ಬೇಡ ಕಣೇ, ಮೊದಲ ದಿನವೇ ಚೆನ್ನಾಗಿ ತುಳಿ' ಅಂದ. ಅಪ್ಪನದು ಒಂದೇ ಮಾತು: 'ಫಸ್ಟ್ ಸರ್ವೀಸ್ ಆಗೋತನಕ ಐವತ್ತು ದಾಟಿಸ್ಬೇಡ ಪುಟ್ಟಿ.'

ಅಪ್ಪ ಹಾಸನದಲ್ಲಿ ಇಪ್ಪತ್ತಾರು ವರ್ಷ ಬೇರೆಯವರ ಅಂಬಾಸಡರ್ ಟ್ಯಾಕ್ಸಿ ಓಡಿಸಿದವರು. ಆಗೆಲ್ಲ ಹೊಸ ಗಾಡಿ ಅಥವಾ ಬೋರ್ ಮಾಡಿಸಿದ ಗಾಡಿಯ ಹಿಂದಿನ ಗಾಜಿನ ಮೇಲೆ 'ರನ್ನಿಂಗ್ ಇನ್' ಅಂತ ಬರೆದಿರುತ್ತಿದ್ದರು. ನಾವು ಮೆಲ್ಲಗೆ ಹೋಗ್ತೀವಿ, ನೀವು ಮುಂದೆ ಹೋಗಿ ಅಂತ ಅರ್ಥ. ಇಂಜಿನ್ ಕೈಕೊಟ್ಟರೆ ಗಾಡಿ ಗ್ಯಾರೇಜಿಗೆ. ಅದು ಹೊರಬರೋವರೆಗೆ ಅಪ್ಪನಿಗೆ ಬಾಟಾ ಇಲ್ಲ, ನಮಗೆ ದಿನಸಿ ಅಂಗಡಿಯಲ್ಲಿ ಸಾಲ. ಅವರ ಐವತ್ತರ ಲೆಕ್ಕ ಅಲ್ಲಿಂದ ಬಂದಿದ್ದು. ಈಗ ಮನೆಗೆ ಮೊದಲ ಸ್ವಂತ ಕಾರು ಬಂದಿದೆ, ನನ್ನ ಹೆಸರಲ್ಲಿ ಏಳು ವರ್ಷದ ಲೋನ್. 84 ಕಂತು ಮುಗಿಯೋವರೆಗಾದರೂ ಇಂಜಿನ್ ಗಟ್ಟಿಯಾಗಿರಬೇಕಲ್ಲ!

ಅದಕ್ಕೇ ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆದು ಕೂತೆ. ಅದನ್ನು ಯಾರೂ ಓದಲ್ಲ, ಇನ್ಶೂರೆನ್ಸ್ ಪೇಪರ್ ಜೊತೆ ಡ್ಯಾಶ್‌ಬೋರ್ಡಲ್ಲೇ ಇರುತ್ತೆ. ಮೊದಲ 1,000 ಕಿಲೋಮೀಟರ್ ಎಚ್ಚರ ಬೇಕು ಅಂತ ಅದರಲ್ಲೂ ಇದೆ. ಆದರೆ ಐವತ್ತು ಅಂತ ಎಲ್ಲೂ ಇಲ್ಲ. ಆಕ್ಸಿಲರೇಟರ್ ಪೂರ್ತಿ ತುಳಿಯಬೇಡಿ, ದೊಡ್ಡ ಗೇರಲ್ಲಿ ತೀರಾ ನಿಧಾನವಾಗಿ ಎಳೆಯಬೇಡಿ, ತುಂಬಾ ಹೊತ್ತು ಒಂದೇ ವೇಗದಲ್ಲಿ ಹೋಗಬೇಡಿ ಅಂತಿದೆ. ಅಂದರೆ ಗೆಳೆಯ ಹೇಳಿದ್ದೂ ಆಗಲ್ಲ, ನಲವತ್ತೈದರಲ್ಲೇ ಹಾಸನದವರೆಗೆ ತೆವಳೋದೂ ಆಗಲ್ಲ.

ಕಾರಣ ಇಂಜಿನ್ ಒಳಗಿದೆ. ಸಿಲಿಂಡರಿನ ಒಳಗೋಡೆ ಕನ್ನಡಿ ಥರ ನುಣುಪಾಗಿರಲ್ಲ. ಆಯಿಲ್ ನಿಲ್ಲಲಿ ಅಂತ ಬೇಕಂತಲೇ ಸಣ್ಣ ಸಣ್ಣ ಅಡ್ಡಗೀರು ಹಾಕಿರುತ್ತಾರೆ. ಪಿಸ್ಟನ್ ರಿಂಗು ಆ ಗೋಡೆಗೆ ಉಜ್ಜಿ ಉಜ್ಜಿ ಸರಿಯಾಗಿ ಕೂರಬೇಕು. ರಿಂಗನ್ನು ಗೋಡೆಗೆ ಒತ್ತಿ ಹಿಡಿಯೋದು ಹೆಚ್ಚಾಗಿ ಉರಿದ ಗ್ಯಾಸಿನ ಒತ್ತಡವೇ. ತೀರಾ ಮೆಲ್ಲಗೆ ಓಡಿಸಿದರೆ ಆ ಒತ್ತಡ ಸಾಲದು. ರಿಂಗು ಕೂರೋ ಮೊದಲೇ ಗೋಡೆ ನುಣುಪಾಗಿಬಿಟ್ಟರೆ ಆಯಿಲ್ ಮೇಲೆ ಹತ್ತಿ ಪೆಟ್ರೋಲ್ ಜೊತೆ ಉರಿಯುತ್ತೆ. ಇನ್ನು ಹೊಸದರಲ್ಲೇ ಜೋರಾಗಿ ತುಳಿದರೆ ಉಜ್ಜೋ ಜಾಗದಲ್ಲಿ ಬಿಸಿ ಮಿತಿ ಮೀರುತ್ತೆ. ಈಗಿನ ಕಾರ್ಖಾನೆಗಳಲ್ಲಿ ಗೋಡೆಯನ್ನು ಮೊದಲೇ ಚೆನ್ನಾಗಿ ಹದ ಮಾಡಿ ಕಳಿಸ್ತಾರೆ, ಆಯಿಲ್ಲೂ ಸುಧಾರಿಸಿದೆ. ಹಾಗಾಗಿ ಅಪ್ಪನ ಕಾಲದಷ್ಟು ಭಯ ಬೇಡ. ಅಪ್ಪನ ಇಂಜಿನ್‌ಗೆ ಅಪ್ಪನ ನಿಯಮ ಸರಿಯಾಗೇ ಇತ್ತು, ಅಷ್ಟೇ.

ಹೊಸ ಬ್ರೇಕ್ ಪ್ಯಾಡು, ಹೊಸ ಟೈರು ಕೂಡ ಪಳಗಬೇಕು. ಮೊದಲ ಕೆಲವು ನೂರು ಕಿಲೋಮೀಟರ್ ಹಿಡಿತ ಪೂರ್ತಿ ಬಂದಿರಲ್ಲ. ಇಂಜಿನ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡೋರು ಯಾರೂ ಇದನ್ನು ಹೇಳಲಿಲ್ಲ. ನನಗೆ ಕೇಳಿದರೆ ಜೀವಕ್ಕೆ ಸಂಬಂಧಪಟ್ಟಿದ್ದು ಇದೇ.

ಇಷ್ಟೆಲ್ಲ ಹೇಳಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೆಲಮಂಗಲ ದಾಟಿದೆ. ಕುಣಿಗಲ್‌ವರೆಗೆ ಅವರ ಕಣ್ಣು ಮೀಟರ್ ಮೇಲೇ. ಅರವತ್ತು, ಎಪ್ಪತ್ತೈದು, ಮತ್ತೆ ಅರವತ್ತು. ಯಡಿಯೂರು ಬಂದಾಗ, 'ಸೌಂಡ್ ಚೆನ್ನಾಗಿದೆ' ಅಂದರು. ಅಷ್ಟೇ ಮಾತು.

ಸಾವಿರದ ಸರ್ವೀಸಿಗೂ ಜೊತೆಗೇ ಬಂದರು. ನನ್ನ ಕಾರಿಗೆ ಆಗ ಬರೀ ತಪಾಸಣೆ, ಆಯಿಲ್ ಬದಲಾಯಿಸೋದು ಆಮೇಲೆ. ಹಳೇ ಇಂಜಿನ್‌ಗಳಲ್ಲಿ ಲೋಹದ ಪುಡಿ ಹೋಗಲಿ ಅಂತ ಮೊದಲ ಆಯಿಲನ್ನು ಬೇಗ ತೆಗೆಯುತ್ತಿದ್ದರು. 'ಆಯಿಲ್ ಚೇಂಜ್ ಮಾಡಲ್ವಾ?' ಅಂತ ಅಪ್ಪ ಮೂರು ಸಲ ಕೇಳಿದರು. ಆ ಹುಡುಗ ಮೂರು ಸಲವೂ 'ಇಲ್ಲ ಸಾರ್, ಪುಸ್ತಕದಲ್ಲಿ ಹಂಗೇ ಇದೆ' ಅಂದ. ಅಪ್ಪನಿಗೆ ಸಮಾಧಾನ ಆಗಲಿಲ್ಲ. ನಾನು ಊರಿಗೆ ಹೋದಾಗಲೆಲ್ಲ ಬೆಳಿಗ್ಗೆ ಕಾಫಿಗಿಂತ ಮುಂಚೆ ಬಾನೆಟ್ ಎತ್ತಿ, ಹಳೇ ಬನಿಯನ್ ಬಟ್ಟೆಯಲ್ಲಿ ಡಿಪ್‌ಸ್ಟಿಕ್ ಒರೆಸಿ ಆಯಿಲ್ ನೋಡ್ತಾರೆ. ಹೊಸ ಇಂಜಿನ್ ಸ್ವಲ್ಪ ಹೆಚ್ಚು ಆಯಿಲ್ ಕುಡೀಬಹುದು, ಆಗಾಗ ನೋಡ್ತಿರಿ ಅಂತ ಪುಸ್ತಕದಲ್ಲೂ ಇರೋದರಿಂದ ನಾನು ಬೇಡ ಅನ್ನಲ್ಲ.