ಜೊತೆಗೂಡಿದ ಹೆಜ್ಜೆ

ದಂಡಿನಿಂದ ನಿವೃತ್ತರಾಗಿ ಬಂದವರೊಬ್ಬರು ಮನೆಯಲ್ಲಿದ್ದರೆ ಗಡಿಯಾರವೇ ಬೇಡವೆಂದು ವಿನೋದಕ್ಕೆ ಹೇಳುವುದುಂಟು. ಬೆಳಗಿನ ನಾಲ್ಕಕ್ಕೆ ಅವರು ಎದ್ದಿರುತ್ತಾರೆ. ಎದ್ದರೋ, ರಾತ್ರಿಯೆಲ್ಲ ಮಲಗಲೇ ಇಲ್ಲವೋ ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಕುಣಿಗಲಿನ ನನ್ನ ಸೋದರಮಾವ 1987ರಲ್ಲಿ ಶಾಂತಿಪಾಲನಾ ಪಡೆಯೊಡನೆ ಶ್ರೀಲಂಕೆಗೆ ಹೋದವರು. 1990ರ ಮಾರ್ಚಿಯಲ್ಲಿ ಆ ಪಡೆ ಹಿಂದಿರುಗುವಷ್ಟರಲ್ಲಿ ನಮ್ಮ ಸಾವಿರಕ್ಕೂ ಮಿಕ್ಕ ಯೋಧರು ಅಲ್ಲಿ ಮಡಿದಿದ್ದರು. ಮಾವ ಬಂದರು, ಮುಂದೆ ಪಿಂಚಣಿಯೂ ಬಂದಿತು, ನಿದ್ರೆ ಬರಲಿಲ್ಲ. ದೀಪಾವಳಿಯ ಮೂರು ದಿನವೂ ಅತ್ತೆ ಕಿಟಕಿಗಳನ್ನೆಲ್ಲ ಮುಚ್ಚಿ ರೇಡಿಯೋವನ್ನು ಗಟ್ಟಿಯಾಗಿ ಹಾಕುತ್ತಿದ್ದರು. ಮನೆಯಲ್ಲಿ ಈ ವ್ಯಾಧಿಗಿದ್ದ ಹೆಸರು ‘ಮುಂಗೋಪ’. ಹೈದರ್-ಟಿಪ್ಪುವಿನ ಕಾಲದಿಂದ ದಂಡಿಗೆ ಕುದುರೆ ಸಾಕಿ ಕಳುಹಿದ ಊರು ಕುಣಿಗಲು. ದಂಡಿನಿಂದ ಮರಳಿದ ಮನುಷ್ಯನನ್ನು ಮನೆಗೆ ಒಗ್ಗಿಸುವ ವಿದ್ಯೆಯನ್ನು ಮಾತ್ರ ಅದೂ ಕಲಿತಿರಲಿಲ್ಲ.

ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು ‘ಶೆಲ್ ಶಾಕ್’ ಎಂದರು. ಅಮೆರಿಕದ ಮನೋವೈದ್ಯರು ‘ಆಘಾತೋತ್ತರ ಒತ್ತಡ’ವೆಂದು ತಮ್ಮ ರೋಗಪಟ್ಟಿಯಲ್ಲಿ ಸೇರಿಸಿದ್ದು 1980ರಲ್ಲಿ. ತುಮಕೂರಿನಲ್ಲಿ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿ ಆರಂಭವಾದದ್ದೂ ಅದೇ ವರ್ಷ. ಕೇವಲ ಕಾಕತಾಳೀಯ, ಆದರೂ, ಬೆಳಗಿನ ಜಾವ ಅಪರಿಚಿತರು ಸಾಲಾಗಿ ಕುಳಿತು ಒಟ್ಟಿಗೆ ಉಸಿರೆಳೆಯುವ ಅಭ್ಯಾಸ ಈ ಊರಿಗೆ ಹೊಸದಲ್ಲವೆಂಬುದು ನನಗೆ ಸಮಾಧಾನದ ಸಂಗತಿ.

ಅತ್ತೆ ತೀರಿಕೊಂಡ ಮೇಲೆ ಮಾವ ತುಮಕೂರಿಗೆ, ಮಗನ ಮನೆಗೆ ಬಂದರು. ವೈದ್ಯರು ಗುಳಿಗೆಯ ಜೊತೆಗೆ ನಡಿಗೆಯನ್ನೂ ಹೇಳಿದ್ದರು. ಅಮಾನಿಕೆರೆಯ ದಂಡೆಯಲ್ಲಿ ಒಬ್ಬರೇ ನಡೆದರು. ಬೆನ್ನ ಹಿಂದೆ ಹೆಜ್ಜೆಯ ಸಪ್ಪಳವಾದರೆ ಸರಕ್ಕನೆ ತಿರುಗಿ ನಿಲ್ಲುವರು, ಮೈಯೆಲ್ಲ ಬೆವರು. ವಾರದೊಳಗೆ ನಡಿಗೆ ನಿಂತಿತು. ಹೀಗಿರುವಾಗ ಗುಬ್ಬಿಯ ವೃದ್ಧರೊಬ್ಬರು, 1971ರ ಯುದ್ಧ ಕಂಡವರು, ಮಾವನ ನಿಲುವನ್ನು ನೋಡಿಯೇ ಗುರುತು ಹಿಡಿದು, “ಯಾವ ರೆಜಿಮೆಂಟು, ಸ್ವಾಮಿ?” ಎಂದು ಕೇಳಿದರಂತೆ. ಅಷ್ಟೇ ಮಾತು. ಇಬ್ಬರು ಆರು ಮಂದಿಯಾದರು. ವಾರಕ್ಕೆ ಮೂರು ಬೆಳಗು ನಡಿಗೆ, ತೋಳು-ಮಂಡಿಗಳ ಕಸರತ್ತು, ಪ್ರಾಣಾಯಾಮ. ಯುದ್ಧದ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಒಬ್ಬರು ಬಾರದಿದ್ದರೆ ಏಳು ಗಂಟೆಗೆ ಉಳಿದ ಐವರೂ ಅವರ ಬಾಗಿಲಲ್ಲಿ!

“ಈಗ ಹಿಂದೆ ಸಪ್ಪಳವಾದರೆ ಹೇಗನಿಸುತ್ತದೆ, ಮಾವ?” ಎಂದು ಕೇಳಿದೆ.

“ಹಿಂದೆ ಬರೋವ್ರು ಯಾರೂಂತ ಗೊತ್ತಲ್ಲಪ್ಪ,” ಎಂದರು.

ಅಮೆರಿಕದ ಡರ್ಹ್ಯಾಮ್ ನಗರದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ 60 ದಾಟಿದ ಇಂಥವರಿಗೆ 12 ವಾರ ವ್ಯಾಯಾಮ ಮಾಡಿಸಿ ನೋಡಿದ್ದಾರೆ. ಪ್ರಯೋಗ ಸಣ್ಣದು, ಮೈಯ ಕಸುವಿನೊಡನೆ ಮನಸ್ಸೂ ಸುಧಾರಿಸುವ ಸೂಚನೆ ಕಂಡಿತು. ಇದು ಔಷಧಕ್ಕೆ ಬದಲಲ್ಲ. ಮಾವ ಗುಳಿಗೆ ಬಿಟ್ಟಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 14416ಕ್ಕೆ ಫೋನು ಮಾಡಿದರೆ ಟೆಲಿ-ಮಾನಸ್‌ನವರು ಕನ್ನಡದಲ್ಲಿಯೇ ಮಾತನಾಡುತ್ತಾರೆ. ಆದರೆ ಸೈನ್ಯವು ಈ ಜನರಿಗೆ ದೇಹಶ್ರಮವನ್ನೂ ಜೊತೆಗಾರರನ್ನೂ ಒಟ್ಟಿಗೆ ಕೊಟ್ಟಿತ್ತು, ನಿವೃತ್ತಿಯ ದಿನ ಎರಡೂ ಒಟ್ಟಿಗೆ ಹೋದವು. ಒಂದನ್ನೇ ಹಿಂದಿರುಗಿಸಿದರೆ ಸಾಲದೆಂದು ನನಗೆ ತೋರುತ್ತದೆ. ಮದುವೆಯ ಮನೆಗಳಲ್ಲಿ “ಯುದ್ಧದ ಕಥೆ ಹೇಳಿ ತಾತ” ಎಂದು ಇಂಥ ಹಿರಿಯರನ್ನು ಪೀಡಿಸುವವರು ಆ ಉತ್ಸಾಹವನ್ನು ಅವರಿಗೊಬ್ಬ ಜೊತೆಗಾರನನ್ನು ಹುಡುಕಿಕೊಡುವುದರಲ್ಲಿ ತೋರಿಸಿದರೆ ಎಷ್ಟೋ ಲೇಸು.

ಈಚೆಗೆ ಗುಬ್ಬಿಯವರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಈಗ ಐವರೂ ಬಸ್ಸು ಹತ್ತಿ ಗುಬ್ಬಿಗೇ ಹೋಗುತ್ತಾರೆ. ಅವರು ಜಗಲಿಯ ಕುರ್ಚಿಯಲ್ಲಿ ಕುಳಿತು ಎಣಿಸುವುದು, ಇವರು ಅಂಗಳದಲ್ಲಿ ಕೈಯೆತ್ತುವುದು. ಎಣಿಕೆ ಇಂದಿಗೂ ಹಿಂದಿಯಲ್ಲೇ. ದಂಡಿನಲ್ಲಿ ಕಲಿತ ಲೆಕ್ಕ ಕನ್ನಡಕ್ಕೆ ತಿರುಗಲು ಒಪ್ಪುವುದಿಲ್ಲವಂತೆ.