ಸಿಸ್ಟಮ್ ತಗೊಳಲ್ಲ ಸಾರ್



ಇದನ್ನ ಬರೀಬೇಕೋ ಬೇಡ್ವೋ ಅಂತ ಎರಡು ವಾರ ಯೋಚನೆ ಮಾಡಿದೆ. ಬರೆದರೆ ಮೊದಲು ಹೋಗೋದು ನನ್ನ ಮರ್ಯಾದೆನೇ. ಆದರೂ ಬರೀತಿದೀನಿ. ಯಾಕಂದ್ರೆ ಫೇಸ್‌ಬುಕ್‌ನಲ್ಲಿ ಒಂದು, ಟಿಫನ್ ಬಾಕ್ಸ್‌ನಲ್ಲಿ ಇನ್ನೊಂದು ಇಟ್ಕೊಂಡು ಬದುಕೋರು ನಮ್ಮ ಬಳಗದಲ್ಲಿ ನಾನೊಬ್ಬನೇ ಇರಲಾರೆ.

ಮೇ ತಿಂಗಳ ರಜೆಯಲ್ಲಿ ನಮ್ಮ ಆಫೀಸಿನವರೆಲ್ಲ ಕುಟುಂಬ ಸಮೇತ ಒಂದು ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿದ್ವಿ. ಯಾವ ಪಾರ್ಕು ಅಂತ ಹೆಸರು ಹೇಳಲ್ಲ, ನನ್ನ ಜಗಳ ಒಂದು ಪಾರ್ಕಿನ ಮೇಲಲ್ಲ. ಪಾರ್ಕಿನೊಳಗೇ ರೆಸಾರ್ಟು. ಒಂದು ರಾತ್ರಿ, ಎರಡು ದಿನ. ಆಟ, ನೀರು, ರೂಮು, ಊಟ ಎಲ್ಲ ಸೇರಿಸಿ ತಲೆಗೆ ಇಷ್ಟು ಅಂತ ಮೊದಲೇ ದುಡ್ಡು ಕಟ್ಟಬೇಕು. ಊಟದಲ್ಲಿ ಎರಡು ಪ್ಯಾಕೇಜು: ವೆಜ್ಜು, ನಾನ್‌ವೆಜ್ಜು. ನಾನ್‌ವೆಜ್ಜಿಗೆ ತಲೆಗೆ 250 ರೂಪಾಯಿ ಜಾಸ್ತಿ.

ಪಟ್ಟಿ ಮಾಡೋ ಕೆಲಸ ಯಾರದು? ಗುಮಾಸ್ತನದು, ಅಂದ್ರೆ ನಂದು. ಹೆಸರು, ವಯಸ್ಸು, ರೂಮು, ಕೊನೇ ಕಾಲಂನಲ್ಲಿ ಊಟ. ಎಲ್ಲರ ಹತ್ರ ಹೋಗಿ ಕೇಳಿ ಬರ್ಕೊಂಡೆ. ನಮ್ಮ ಮನೆಯ ನಾಲ್ಕು ಜನದ ಹೆಸರು ಬಂದಾಗ ಯಾರನ್ನೂ ಕೇಳಲಿಲ್ಲ. ಅವ್ವ, ನಾನು, ನಮ್ಮನೆಯವರು, ಮಗಳು, ನಾಲ್ಕಕ್ಕೂ 'ವೆಜ್' ಅಂತ ಬರೆದೆ.

ಸಾವಿರ ರೂಪಾಯಿ ಉಳೀಲಿ ಅಂತ ಬರೆದೆ ಅಂದ್ರೆ ಸುಳ್ಳಾಗುತ್ತೆ. ನಿಜ ಏನಂದ್ರೆ, ಊಟಕ್ಕೆ ಎಲ್ಲರೂ ಒಂದೇ ಉದ್ದನೆ ಟೇಬಲ್ಲಿನಲ್ಲಿ ಕೂರ್ತೀವಿ ಅಂತ ಗೊತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಮೊಟ್ಟೆ ಸಾರು ತಗೊಂಡೋಗಿದ್ದೆ. ಡಬ್ಬಿ ತೆಗೆದ ತಕ್ಷಣ ಪಕ್ಕದಲ್ಲಿದ್ದ ಹಿರಿಯರೊಬ್ಬರು ತಮ್ಮ ಕುರ್ಚಿ ಎತ್ಕೊಂಡು ಆ ಕಡೆ ಹೋದ್ರು. ಒಂದು ಮಾತೂ ಆಡಲಿಲ್ಲ. ಬೈದಿದ್ರೆ ತಿರುಗಿ ಬೈತಿದ್ದೆ, ದೂರು ಕೊಡ್ತಿದ್ದೆ. ಕುರ್ಚಿ ಸರಿಸಿದ್ದಕ್ಕೆ ಏನಂತ ದೂರು ಕೊಡೋದು? ಅವತ್ತಿಂದ ನನ್ನ ಡಬ್ಬಿಯಲ್ಲಿ ಚಿತ್ರಾನ್ನ, ಮೊಸರನ್ನ, ಪುಳಿಯೋಗರೆ. ಹದಿನೇಳು ವರ್ಷ ಆಯ್ತು.

ಅದೇ ನಾನು 2024ರ ಡಿಸೆಂಬರ್‌ನಲ್ಲಿ ಮಂಡ್ಯದ 87ನೇ ಸಾಹಿತ್ಯ ಸಮ್ಮೇಳನದ ಹೊತ್ತಿಗೆ ಹಾಕಿದ ಪೋಸ್ಟುಗಳು ನಿಮಗೆ ನೆನಪಿರಬಹುದು. ಸಮ್ಮೇಳನದ ಮಳಿಗೆಗಳ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಲ್ಲೇ ಮಾಂಸಾಹಾರವನ್ನೂ ಸೇರಿಸಿದ್ರು. ಬಾಡೂಟ ಬೇಕು ಅಂತ ಗೆಳೆಯರು ಬೀದಿಗಿಳಿದ್ರು. ನಾನು ಇಲ್ಲಿಂದ ದಿನಕ್ಕೆರಡು ಪೋಸ್ಟ್ ಹಾಕಿದೆ. ಲೈಕು ಚೆನ್ನಾಗೇ ಬಂದ್ವು. ಆ ದಿನಗಳಲ್ಲೂ ನನ್ನ ಡಬ್ಬಿಯಲ್ಲಿದ್ದದ್ದು ಚಿತ್ರಾನ್ನವೇ.

ಪಾರ್ಕಿನ ಬಾಗಿಲಲ್ಲಿ ಕೈಗೆ ಬ್ಯಾಂಡ್ ಕಟ್ಟಿದ್ರು. ವೆಜ್ಜಿಗೆ ಹಸಿರು, ನಾನ್‌ವೆಜ್ಜಿಗೆ ಕೆಂಪು. ಅವ್ವ ಹಸಿರು ಬ್ಯಾಂಡನ್ನ ಬಳೆ ಪಕ್ಕ ಸರಿಸಿ, 'ಚೆನ್ನಾಗದೆ ಕನ್ ಮಗ' ಅಂದ್ಲು. ಸೀರೆ ಸ್ವಲ್ಪ ಎತ್ತಿ ಹಿಡ್ಕೊಂಡು ಅಲೆ ಬರೋ ಕೊಳದಲ್ಲಿ ಕಾಲಿಟ್ಟು ನಿಂತ್ಲು. ನನಗೆ ಸಂವಿಧಾನದ 15(2)ನೇ ವಿಧಿ ನೆನಪಾಯ್ತು. ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಜಾಗ, ಬಾವಿ, ಕೆರೆ, ಸ್ನಾನಘಟ್ಟ, ಇಲ್ಲೆಲ್ಲ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯೋ ಹಾಗಿಲ್ಲ ಅನ್ನೋ ವಿಧಿ. 1927ರ ಮಾರ್ಚ್ 20ರಂದು ಮಹಾಡದ ಕೆರೆ ನೀರು ಮುಟ್ಟೋಕೆ ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಬೇಕಾಯ್ತು. ನಮ್ಮವ್ವ ಟಿಕೆಟ್ ತಗೊಂಡು ನೀರಿಗಿಳಿದ್ಲು. ಇದು ಸಣ್ಣ ಮಾತಲ್ಲ ಅಂತ ಫೋಟೋ ತೆಗೆದೆ.

ಮಧ್ಯಾಹ್ನ ಊಟ. ಹಸಿರು ಬ್ಯಾಂಡಿನ ಕೂಪನ್ನಿಗೆ ಟೊಮೆಟೊ ಸೂಪು, ಗೋಬಿ ಮಂಚೂರಿ, ರೋಟಿ, ಪನ್ನೀರು, ಪಲಾವು, ಕೊನೆಗೆ ಜಾಮೂನು. ಕೂಪನ್ನಿನ ಹಿಂದೆ ಸಣ್ಣ ಅಕ್ಷರದಲ್ಲಿ ಮೂರು ಸಾಲು: ಬದಲಾವಣೆ ಇಲ್ಲ, ಹಣ ವಾಪಸ್ ಇಲ್ಲ, ಹೊರಗಿನ ತಿಂಡಿ ಒಳಗೆ ತರುವಂತಿಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ. ಹಲ್ಲೂ ಅಷ್ಟಕ್ಕಷ್ಟೆ. ರೋಟಿ ಅಗಿಯಕ್ಕಾಗಲಿಲ್ಲ, ಪನ್ನೀರು ಬಾಯಿಗೆ ಹಿಡಿಸಲಿಲ್ಲ. ಆ ಕಡೆ ಕೆಂಪು ಬ್ಯಾಂಡಿನವರ ಕೌಂಟರಿನಲ್ಲಿ ಬೇಯಿಸಿದ ಮೊಟ್ಟೆ ಇಟ್ಟಿದ್ದು ನೋಡಿ ಮೆಲ್ಲಗೆ ಹೇಳಿದ್ಲು: 'ಈ ಸಿಹಿ ನಂಗ್ ಬ್ಯಾಡ. ಇದ್ರ ಬದ್ಲಿಗೆ ಒಂದು ಮೊಟ್ಟೆ ಕೊಡಕ್ಕೇಳಪ್ಪ.'

ಹೋಗಿ ಕೇಳಿದೆ. ಕೌಂಟರಿನ ಹುಡುಗ ನನ್ನ ಕೈ ನೋಡಿದ. 'ಗ್ರೀನ್ ಬ್ಯಾಂಡ್‌ಗೆ ಮೊಟ್ಟೆ ಬರಲ್ಲ ಸಾರ್.'

'ಜಾಮೂನು ವಾಪಸ್ ತಗೊಳ್ಳಪ್ಪ. ಬೇಕಾದ್ರೆ ಮೇಲೆ ದುಡ್ಡು ಕೊಡ್ತೀನಿ.'

'ಪ್ಯಾಕೇಜು ಸಾರ್. ಬಿಲ್ಲಿಂಗ್ ಆಗೋಗಿದೆ. ಸಿಸ್ಟಮ್ ತಗೊಳಲ್ಲ.'

ನಾನಿನ್ನೂ ಅಲ್ಲೇ ನಿಂತಿದ್ದೆ, ನಮ್ಮ ಆಫೀಸಿನ ಇನ್ನೊಬ್ಬರು ಬಂದ್ರು. ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ ಅಂದ್ರು. ಮ್ಯಾನೇಜರೇ ಎದ್ದು ಬಂದ್ರು. ಹತ್ತು ನಿಮಿಷದಲ್ಲಿ ಬೇರೆ ಬಾಣಲೆಯಲ್ಲಿ ಪಲ್ಯ ಮಾಡಿಸಿ, ಜಾಮೂನಿನ ಬದಲು ಹಣ್ಣು ಹೆಚ್ಚಿಸಿ ಕೊಟ್ರು. ಅವತ್ತು ಶನಿವಾರ, ಇನ್ನೊಬ್ಬರಿಗೆ ಆಗ ನೆನಪಾಯ್ತು. ಅವರ ಕೆಂಪು ಬ್ಯಾಂಡ್ ಕತ್ತರಿಸಿ ಹಸಿರು ಕಟ್ಟಿದ್ರು. ಅದಕ್ಕೆ ಒಂದು ನಿಮಿಷವೂ ಹಿಡೀಲಿಲ್ಲ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ವ್ರತ, ಅವರ ಹೊಟ್ಟೆ. ಕೆಂಪಿಂದ ಹಸಿರಿಗೆ ಹೋದ್ರೆ ರೆಸಾರ್ಟಿಗೆ ನಷ್ಟವಿಲ್ಲ, ಹಸಿರಿಂದ ಕೆಂಪಿಗೆ ಬಂದ್ರೆ ಖರ್ಚಿದೆ, ಆ ಲೆಕ್ಕವೂ ಗುಮಾಸ್ತನಿಗೆ ಅರ್ಥ ಆಗುತ್ತೆ. ಆದರೆ ಬೇರೆ ಬಾಣಲೆಗೂ, ಹೆಚ್ಚಿದ ಹಣ್ಣಿಗೂ ಖರ್ಚಿದೆ ಅಲ್ವಾ? ಅದನ್ನ ಅವರು ಕೇಳಲಿಲ್ಲ. ನಾನು ದುಡ್ಡು ಕೊಡ್ತೀನಿ ಅಂದ್ರೂ ತಗೊಳಲಿಲ್ಲ. 'ತಿನ್ನಲ್ಲ' ಅಂದವರಿಗೆ ಸಿಸ್ಟಮ್ ಬಗ್ಗುತ್ತೆ, 'ತಿಂತೀನಿ' ಅಂದವರಿಗೆ ಬಗ್ಗಲ್ಲ.

ದನಿ ಏರಿಸಿದೆ. 'ಅವರಿಗೆ ಹೇಗ್ ತಗೊಂತು ನಿಮ್ ಸಿಸ್ಟಮ್ಮು?' ಅಂದೆ. ಟೇಬಲ್ಲಿನ ಕಡೆಯಿಂದ ಯಾರೋ ಅಂದ್ರು: 'ಅವರು ವೆಜ್ ಬರೆಸಿದ್ರಲ್ಲ, ಈಗೇನು?' ಇನ್ನೊಬ್ಬರು: 'ಬರೆದಿದ್ದೂ ಅವರೇ ಕಣ್ರೀ.' ನನ್ನ ಬಾಯಿ ಕಟ್ಟಿಹೋಯ್ತು. ಮ್ಯಾನೇಜರ್ ಹತ್ರ ಇದ್ದ ಪಟ್ಟಿ ನನ್ನ ಕೈಯಿಂದಲೇ ಹೋದದ್ದು.

ವಾಪಸ್ ಬಂದು ನೋಡಿದ್ರೆ ಅವ್ವ ಜಾಗದಲ್ಲಿಲ್ಲ. ಟೇಬಲ್ ಒರೆಸೋಕೆ ಬಂದಿದ್ದ ಹೆಣ್ಣುಮಗಳು 'ಯಾವ್ ಕಡೆಯವ್ರವ್ವ?' ಅಂತ ಮಾತಿಗೆ ಶುರು ಮಾಡಿದ್ದಾಳೆ. ಹುಣಸೂರು ಹನಗೋಡು ಅಂದ ತಕ್ಷಣ, ನಮ್ಮ ತವರು ಕೋಟೆ ಕಡೆ ಅಂದಿದ್ದಾಳೆ. ಹಿಂದುಗಡೆ ಕೆಲಸದವರ ಅಡುಗೆಮನೆಗೆ ಕರ್ಕೊಂಡೋಗಿದ್ದಾಳೆ. ನಾನು ಹುಡುಕ್ಕೊಂಡು ಹೋದಾಗ ಅವ್ವ ಸ್ಟೂಲಿನ ಮೇಲೆ ಕೂತು ಬಿಸಿ ಹಿಟ್ಟು, ಮೊಟ್ಟೆ ಎಸರು ಉಣ್ತಿದ್ಲು. ನಮ್ಮ ನಾಲ್ಕೂ ಜಾಮೂನು ಪೇಪರ್ ಕಪ್ಪಿನಲ್ಲಿ ಆ ಹೆಂಗಸರ ಮುಂದಿದ್ವು. ದಿನಾ ನೂರಾರು ಜಾಮೂನು ಬಡಿಸೋರಿಗೆ ಒಂದೂ ಸಿಗಲ್ವಂತೆ. ಸಿಸ್ಟಮ್ಮಿಗೆ ಆಗದ ಬದಲಾವಣೆ ಇಲ್ಲಿ ಐದು ನಿಮಿಷದಲ್ಲಿ ಆಗೋಗಿತ್ತು.

ನಮ್ಮ ಕೇರಿಯ ಹೊಸತೊಡಕು ನೆನಪಾಯ್ತು. ಅದೂ ಮೊದಲೇ ದುಡ್ಡು ಕಟ್ಟೋ ಊಟವೇ ತಾನೆ? ವರ್ಷಪೂರ್ತಿ ವಾರವಾರ ಚೀಟಿ ಕಟ್ಟಿ, ಯುಗಾದಿ ಮಾರನೇ ದಿನ ಮರಿ ಕಡಿದು, ಟಾರ್ಪಾಲಿನ ಮೇಲೆ ಗುಡ್ಡೆ ಹಾಕ್ತಾರೆ. ಪ್ರತಿ ಗುಡ್ಡೆಗೂ ಮೂಳೆ, ಬೋಟಿ, ಲಿವರು, ಮೆತ್ತನೆ ತುಂಡು ಸಮವಾಗಿ ಬೀಳಬೇಕು. ಆಮೇಲೆ ಶುರು ಅದಲು ಬದಲು. 'ಅತ್ತೆ, ನಮ್ಮ ಬೋಟಿ ನೀ ತಗೊ, ಮಗೀಗೆ ಲಿವರು ಕೊಡು.' 'ಬಾಣಂತಿಗೆ ಕಾಲು ಬೇಕು ಕನಣ್ಣ.' ಯಾರೂ ಕೂಪನ್ ಕೇಳಲ್ಲ. ಎಲ್ಲರ ಗುಡ್ಡೆಯೂ ಸಮ ಇದ್ದಾಗ ಮಾತ್ರ ಹಿಂಗೆ ಸಲೀಸಾಗಿ ಬದಲಾಯಿಸ್ಕೊಳ್ಳೋಕೆ ಆಗೋದು.

ಆದರೂ ರಾತ್ರಿ ರೂಮಿನಲ್ಲಿ ನಾನು ಕೂಗಾಡಿದೆ. ಹಿಂದಿನ ಬಾಗಿಲಲ್ಲಿ ಹೋಗಿ ಯಾಕ್ ಉಂಡೆ ಅಂತ. ಅವ್ವ ಚಿಕ್ಕವಯಸ್ಸಲ್ಲಿ ಹೊಗೆಸೊಪ್ಪು ಪೋಣಿಸೋಕೆ ಹೋಗ್ತಿದ್ಲು. ಕೂಲಿ ಇಷ್ಟು, ಜೊತೆಗೆ ಮಧ್ಯಾಹ್ನದ ಊಟ. ಅದೂ ಪ್ಯಾಕೇಜೇ. ಹಿತ್ತಲ ಬಾಗಿಲಲ್ಲಿ ಮೇಲಿಂದ ಹಾಕಿದ್ದನ್ನ ಉಣ್ಣಬೇಕು, ಅದು ಬೇಡ ಇದು ಕೊಡಿ ಅನ್ನೋ ಹಾಗಿಲ್ಲ. ಅದಕ್ಕೇ ನನಗೆ ಹೊಟ್ಟೆ ಉರೀತು.

ಅವ್ವ ಪೂರ್ತಿ ಕೇಳಿಸ್ಕೊಂಡು ಅಂದ್ಲು: 'ಅಲ್ಲಿಗೆ ನನ್ನ ಯಾರೂ ತಳ್ನಿಲ್ಲ, ಆ ಹೆಣ್ಮಗ ಕೈ ಹಿಡ್ದು ಕರ್ಕೊಂಡೋಯ್ತು. ಅದಿರ್ಲಿ, ನಾವು ಮೊಟ್ಟೆ ತಿನ್ನಕ್ಕಿಲ್ಲ ಅಂತ ಬರ್ಕೊಟ್ಟೋನು ಯಾರು? ನಾವ್ ತಿನ್ನೋದ್ ಹೇಳಕ್ಕೆ ನಿಂಗ್ ನಾಚ್ಕೆಯಾ ಮಗ?'

ಮಗಳು ಮೊಬೈಲಿಂದ ತಲೆ ಎತ್ತಲಿಲ್ಲ. 'ಬಾಡೂಟ ಅಂತ ಅಷ್ಟೆಲ್ಲ ಬರೆದ್ಯಲ್ಲಪ್ಪ' ಅಂದ್ಲು.

ಉತ್ತರ ಇರಲಿಲ್ಲ. ಬೆಳಗಿನವರೆಗೂ ನಿದ್ದೆ ಬರಲಿಲ್ಲ.

ಮಲಗಿದ್ದಲ್ಲೇ ಶಾಲೆಗಳ ಮೊಟ್ಟೆ ವಿಷಯ ನೆನಪಾಯ್ತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ಬೇಡವೇ ಬೇಡ ಅಂದ್ರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇತ್ತು. ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಆಯ್ತು. ಇವತ್ತಿಗೂ ಮೊಟ್ಟೆ ಬೇಡ ಅಂದ ಮಗುವಿಗೆ ಬದಲಿ ಇದೆ. ಇರಬೇಕು, ಅದು ಸರಿ. ಒಂದೇ ಸಾಲಲ್ಲಿ ಕೂತು ಒಬ್ಬ ಮೊಟ್ಟೆ, ಪಕ್ಕದವಳು ಬಾಳೆಹಣ್ಣು ತಿಂತಾರೆ, ಯಾರೂ ಜಾಗ ಬಿಟ್ಟು ಏಳಬೇಕಾಗಿಲ್ಲ. ಹಳ್ಳಿ ಶಾಲೆಯಲ್ಲಿ ಆಗೋದು ದುಡ್ಡು ಕಟ್ಟಿ ಹೋದ ರೆಸಾರ್ಟಿನಲ್ಲಿ ಯಾಕಾಗಲ್ಲ?

ಬೆಳಿಗ್ಗೆ ಹೊರಡೋ ಮುಂಚೆ ಅಭಿಪ್ರಾಯದ ಪುಸ್ತಕ ಕೇಳಿ ಇಸ್ಕೊಂಡು ಕನ್ನಡದಲ್ಲೇ ಬರೆದೆ. ಬೇಡ ಅಂದವರಿಗೆ ಬದಲಿಸಿಕೊಟ್ಟ ಹಾಗೆ, ಬೇಕು ಅಂದವರಿಗೂ ವ್ಯತ್ಯಾಸದ ಹಣ ತಗೊಂಡು ಬದಲಿಸಿ ಕೊಡಿ. ನಿಮ್ಮ ಕೆಲಸದವರಿಗೂ ಒಂದು ಜಾಮೂನು ಕೊಡಿ. ಮ್ಯಾನೇಜರ್ ಓದಿ 'ನೋಡೋಣ ಸಾರ್' ಅಂದ್ರು.

ಗೆಳೆಯರೇ, ಪ್ರವಾಸಕ್ಕೆ ಹೋಗೋರಿಗೆ ಒಂದು ಮಾತು. ದುಡ್ಡು ಕಟ್ಟೋ ಮುಂಚೆ ಯಾವುದರ ಬದಲು ಯಾವುದು ಕೊಡ್ತೀರಿ, ವ್ಯತ್ಯಾಸ ಎಷ್ಟು, ವಯಸ್ಸಾದವರಿಗೆ ಸಕ್ಕರೆ ಇದ್ದವರಿಗೆ ಏನಿದೆ ಅಂತ ಕೇಳಿ, ವಾಟ್ಸಾಪ್‌ನಲ್ಲಾದ್ರೂ ಬರಹದಲ್ಲಿ ಇಸ್ಕೊಳ್ಳಿ. ಹೇಳಿದ್ದು ಕೊಡದಿದ್ರೆ ಗ್ರಾಹಕ ಸಹಾಯವಾಣಿ 1915 ಇದೆ. ಇದಕ್ಕಿಂತ ಮುಂಚೆ ಮಾಡಬೇಕಾದ ಕೆಲಸ ಇನ್ನೊಂದಿದೆ. ನಿಮ್ಮ ಮನೆಯವರು ಏನು ತಿಂತಾರೋ ಅದನ್ನೇ ಪಟ್ಟಿಯಲ್ಲಿ ಬರೆಯಿರಿ. ನಾನು ಬರೆಯದೇ ಹೋದದ್ದಕ್ಕೆ ಆ ಕೌಂಟರಿನ ಮುಂದೆ ನನ್ನ ಹೋರಾಟ ಅರ್ಧಕ್ಕೇ ನಿಂತೋಯ್ತು.

ಸೋಮವಾರ ನಮ್ಮನೆಯವರಿಗೆ ಹೇಳಿ ಡಬ್ಬಿಗೆ ಮೊಟ್ಟೆ ಸಾರು ಹಾಕಿಸ್ಕೊಂಡೆ. ಒಂದೂವರೆಗೆ ಎಲ್ಲರ ಜೊತೆ ಕೂತು ಮುಚ್ಚಳ ತೆಗೆದೆ. ಯಾರೂ ಕುರ್ಚಿ ಸರಿಸಲಿಲ್ಲ. ಒಬ್ಬರು ಎದ್ದು ಕಿಟಕಿ ತೆಗೆದ್ರು. ಸೆಕೆಗೋ, ವಾಸನೆಗೋ ಗೊತ್ತಿಲ್ಲ. ನಾನು ಪೂರ್ತಿ ಊಟ ಮಾಡಿ, ಡಬ್ಬಿ ತೊಳ್ಕೊಂಡು, ಸೀಟಿಗೆ ಬಂದು ಕೂತೆ. ಇವತ್ತಿಗೆ ಹತ್ತನೇ ದಿನ. ನಾಳೆ ಉಪ್ಪು ಮೀನು.

ಜೈಭೀಮ್.