'ಬಾಕಿ' ಎಂಬ ಪದದ ಸುತ್ತ

ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಲಿನ ಪೇಟೆಯಲ್ಲಿ ವೇತನಕ್ಕೆ 'ಪಗಾರ' ಎನ್ನುತ್ತಾರೆ. ಬರಬೇಕಾಗಿ ಉಳಿದ ಹಣಕ್ಕೆ 'ಬಾಕಿ' ಎನ್ನುತ್ತಾರೆ. ಮೊದಲನೆಯದು ಪೋರ್ಚುಗೀಸ್ ಮೂಲದಿಂದ ಮರಾಠಿಯ ಮೂಲಕ ಬಂದುದು, ಎರಡನೆಯದು ಅರಬ್ಬಿ ಮೂಲದ್ದು. ಗ್ರಾಂಥಿಕ ಕನ್ನಡದ 'ಸಂಬಳ' ಎಂಬ ಪದಕ್ಕೆ ದಾರಿಯ ಬುತ್ತಿ ಎಂಬ ಹಳೆಯ ಅರ್ಥವೂ ಉಂಟು. ದಾರಿ ಸವೆದ ಮೇಲೆ ಕೈಸೇರುವುದನ್ನು ಬುತ್ತಿ ಎನ್ನಬಹುದೆ? ಕರ್ನಾಟಕದ ವಿಶ್ವವಿದ್ಯಾಲಯ ಹಾಗೂ ಕಾಲೇಜು ಅಧ್ಯಾಪಕರ ವೇತನ ಪರಿಷ್ಕರಣೆಯ ಚರಿತ್ರೆ ಮತ್ತೆ ಮತ್ತೆ ಎತ್ತುವ ಪ್ರಶ್ನೆ ಇದೇ ಆಗಿದೆ.

ಯುಜಿಸಿ ವೇತನಶ್ರೇಣಿಯನ್ನು ನಿರ್ಧರಿಸುವುದು ಕೇಂದ್ರ. ರಾಜ್ಯದ ಅಧ್ಯಾಪಕರಿಗೆ ಅದನ್ನು ಕೊಡಬೇಕಾದದ್ದು ರಾಜ್ಯ. ತಡವೆಂಬುದು ಹುಟ್ಟುವುದು ಈ ಎರಡರ ನಡುವಿನ ಅಂತರದಲ್ಲಿ. ಆರನೆಯ ವೇತನಶ್ರೇಣಿ 2006ರ ಜನವರಿ 1ರಿಂದ ಅನ್ವಯವಾಗಬೇಕಿತ್ತು. ಕೇಂದ್ರದ ಆದೇಶ ಹೊರಬಿದ್ದದ್ದು 2008ರ ಡಿಸೆಂಬರ್ 31ರಂದು. ಕರ್ನಾಟಕದ ಆದೇಶ 2009ರ ಡಿಸೆಂಬರ್‌ನಲ್ಲಿ. ಏಳನೆಯದು 2016ರ ಜನವರಿ 1ರಿಂದ ಅನ್ವಯ. ಕೇಂದ್ರದ ಆದೇಶ 2017ರ ನವೆಂಬರ್‌ನಲ್ಲಿ, ರಾಜ್ಯದ್ದು 2019ರ ಮಾರ್ಚ್‌ನಲ್ಲಿ. ಹೆಚ್ಚುವರಿ ವೆಚ್ಚದಲ್ಲಿ ಕೇಂದ್ರ ಭರಿಸುವ ಪಾಲು ಮೊದಲ ಸಂದರ್ಭದಲ್ಲಿ ಶೇ. 80 ಇದ್ದುದು ಎರಡನೆಯದರಲ್ಲಿ ಶೇ. 50ಕ್ಕೆ ಇಳಿಯಿತು, ಅದೂ ನಿಗದಿತ ಅವಧಿಗೆ ಮಾತ್ರ. ಆದೇಶವೆಂದರೆ ಹಣವಲ್ಲ, ಹಿಂಬಾಕಿಗಾಗಿ ಮತ್ತೆ ಕಾಯಬೇಕು.

ಅಧ್ಯಾಪಕ ಸಂಘಗಳ ದುಡಿಮೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ. 1987 ಮತ್ತು 1998ರ ದೇಶವ್ಯಾಪಿ ಮುಷ್ಕರಗಳು ಜನರ ನೆನಪಿನಲ್ಲಿ ಉಳಿದಿವೆ. ಆದರೆ ಮುಷ್ಕರಗಳ ನಡುವಿನ ವರ್ಷಗಳಲ್ಲಿ ನಡೆಯುವುದು ಮನವಿ ಬರೆಯುವ, ಕಡತ ಯಾವ ಮೇಜಿನಲ್ಲಿದೆ ಎಂದು ವಿಚಾರಿಸುವ, ಅಧಿಕಾರಿ ಬದಲಾದಾಗ ಮತ್ತೆ ಮೊದಲಿನಿಂದ ವಿವರಿಸುವ ಕೆಲಸ. ಇದಕ್ಕೆ ಹಾರವೂ ಇಲ್ಲ, ಸುದ್ದಿಯೂ ಇಲ್ಲ. ಹೊರಗಿನವರ ಕಣ್ಣಿಗೆ ಇದು ಉಂಡವರು ಮತ್ತೆ ಎಲೆ ಹಾಸಿದಂತೆ ಕಾಣುವುದೂ ಸಹಜ. ವಾಸ್ತವದಲ್ಲಿ ಸಂಘ ಕೇಳುತ್ತಿರುವುದು ಹೆಚ್ಚಿನದನ್ನಲ್ಲ, ಒಪ್ಪಿಕೊಂಡದ್ದನ್ನು. ಈ ಭೇದ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರನಿಗೆ ಚೆನ್ನಾಗಿ ಅರ್ಥವಾದೀತು. ಮಾಲು ಒಯ್ದ ದಲಾಲಿ ಹಣವನ್ನು ಮುಂದಿನ ಹಂಗಾಮಿಗೆ ಕೊಟ್ಟರೆ ದರ ಅದೇ ಇದ್ದರೂ ಬೆಲೆ ಅದೇ ಆಗಿರುವುದಿಲ್ಲ. ಪೇಟೆಯ ಸಾಲಕ್ಕೆ ಬಡ್ಡಿ ಏರುತ್ತದೆ. ಹಿಂಬಾಕಿ ವೇತನಕ್ಕೆ ಸಾಮಾನ್ಯವಾಗಿ ಬಡ್ಡಿ ಇಲ್ಲ. ಹೀಗಾಗಿ ತಡವೆಂಬುದು ಕಡಿತದ ಇನ್ನೊಂದು ಹೆಸರು. ಈ ನಡುವೆ ನಿವೃತ್ತರಾದವರಿಗೆ ಅದು ಇಳಿವಯಸ್ಸಿನ ಅಲೆದಾಟ. ತೀರಿಕೊಂಡವರ ಮನೆಯವರಿಗೆ ವಾರಸುದಾರಿಕೆಯ ಕಾಗದಪತ್ರ.

ಆದರೆ ಈ ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಹಿಂಬಾಕಿ ಕೇಳಬೇಕಾದರೂ ಮೊದಲು ವೇತನಶ್ರೇಣಿಯೊಳಗೆ ಇರಬೇಕು. ಅದೇ ಪಾಠ ಹೇಳುವ ಅತಿಥಿ ಉಪನ್ಯಾಸಕರಿಗೆ ಆ ಭಾಗ್ಯವೂ ಇಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅರ್ಹತೆಯುಳ್ಳವರಿಗೂ ತಿಂಗಳಿಗೆ 13,000 ರೂಪಾಯಿ ಇದ್ದ ಗೌರವಧನ, ದೀರ್ಘ ಮುಷ್ಕರದ ನಂತರ 2022ರ ಜನವರಿಯಲ್ಲಿ ಗರಿಷ್ಠ 32,000ಕ್ಕೆ ಏರಿತು. ಜೊತೆಗೆ ವಾರದ ಬೋಧನಾವಧಿಯೂ ಹೆಚ್ಚಿತು. ಸೇವಾಭದ್ರತೆ ಸಿಗದ ಕಾರಣ 2023ರ ನವೆಂಬರ್‌ನಲ್ಲಿ ಅವರು ಮತ್ತೆ ಬೀದಿಗಿಳಿದರು. 'ಗೌರವಧನ' ಎಂಬ ಪದದಲ್ಲಿ ಗೌರವವಿದೆ, ಹಕ್ಕಿಲ್ಲ. ಹಕ್ಕಿಲ್ಲದ ಕಡೆ ಬಾಕಿ ಎಂಬುದೂ ಹುಟ್ಟುವುದಿಲ್ಲ.

ವಿಜಯಪುರದಿಂದ ಅಥಣಿಯ ದಾರಿ ಹಿಡಿದರೆ ತೊರವಿಯ ಬಳಿ 2003ರಲ್ಲಿ ಸ್ಥಾಪನೆಯಾದ, ಇಂದು ಅಕ್ಕಮಹಾದೇವಿಯ ಹೆಸರು ಹೊತ್ತ ಮಹಿಳಾ ವಿಶ್ವವಿದ್ಯಾಲಯವಿದೆ, ಮುಂದೆ ತಿಕೋಟಾ. ಈ ಸೀಮೆಯ ಹಳ್ಳಿಗಳಿಂದ ಓದಲು ಬರುವ ಹೆಣ್ಣುಮಕ್ಕಳಲ್ಲಿ ಅಧ್ಯಾಪಕರಾಗಬೇಕೆಂಬ ಆಸೆ ಹೊತ್ತವರು ಅನೇಕರು. ಅವರು ನಾಳೆ ಸೇರುವುದು ಬಾಕಿ ಕೇಳಬಲ್ಲವರ ಸಾಲಿಗೋ, ಕೇಳಲಾರದವರ ಸಾಲಿಗೋ ಎಂಬುದು ಸಂಘಗಳ ಮುಂದಿರುವ ನಿಜವಾದ ಪ್ರಶ್ನೆ. ತನ್ನ ಸದಸ್ಯರ ಹಿಂಬಾಕಿಯನ್ನು ಪೈಸೆ ಬಿಡದೆ ಎಣಿಸುವ ಸಂಘ, ಪಕ್ಕದ ತರಗತಿಯಲ್ಲಿ ಪಾಠ ಹೇಳುತ್ತಿರುವವರನ್ನೂ ಆ ಲೆಕ್ಕಕ್ಕೆ ಸೇರಿಸಿಕೊಂಡಾಗಲೇ ಅದರ ಬೇಡಿಕೆಗೆ ನ್ಯಾಯದ ಬಲ ಪೂರ್ತಿಯಾಗಿ ದಕ್ಕುತ್ತದೆ.